ನೂರಾ ಇಪ್ಪತ್ತೇಳು ಹಲ್ಲಿನ ಅಧಿಕ ಶ್ರಾವಣ

ಕಳೆದ ತಿಂಗಳು ನಮ್ಮ ಶಾಲೆಯ ನೀರೆತ್ತುವ ಪಂಪಿನ ಶಾಫ್ಟ್ ಸವೆದುಹೋಯಿತು. ಹೆಡ್ ಮಾಸ್ತರರು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ದಾಂಡೇಲ್ಯಾಗ ಯಾವುದರ ಲೇಥಿನ ಅಂಗಡ್ಯಾಗ ತೋರ್ಸಿ ಬರ್ರಿ ಸರ. ವಿಜ್ಞಾನ ಮಾಸ್ತರ ನೀವ ಅಲ್ಲೇನು?" ಎಂದರು. ವಿಜ್ಞಾನ ಕಲಿಸುವವನಿಗೆ ಪಂಪು ರಿಪೇರಿಯೂ ಬರಲೇಬೇಕು ಎಂಬುದು ನಾನು ಕಂಡ ಎಲ್ಲ ಹೆಡ್ ಮಾಸ್ತರರ ಗಟ್ಟಿ ನಂಬಿಕೆ. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಅಂಗಡಿಗೆ ಹೋದೆ. ಲೇಥ್ ತಿರುಗುತ್ತಿತ್ತು. ಉಳಿಯ ತುದಿಗೆ ಹಾಲಿನಂಥ ಎಣ್ಣೆನೀರು ಸುರಿಯುತ್ತಿತ್ತು, ಕಬ್ಬಿಣದ ಬಿಸಿ ಸುರುಳಿಗಳು ಕೆಳಗೆ ಉದುರುತ್ತಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಾಫ್ಟು ಕೊಡುವುದನ್ನೇ ಮರೆತು ನಿಂತುಬಿಟ್ಟೆ.

ಅದು ನಮ್ಮ ಮಾವನವರ ಅಂಗಿಯ ವಾಸನೆ. ಮಾವ ಯಲ್ಲಪ್ಪ ದಾಂಡೇಲಿಯ ಕಾಗದದ ಮಿಲ್ಲಿನ ಮಷಿನ್ ಶಾಪಿನಲ್ಲಿ ಮೂವತ್ತಾರು ವರ್ಷ ಲೇಥ್ ನಡೆಸುವ ಟರ್ನರ್ ಆಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೂ ಅವರ ಖಾಕಿ ಅಂಗಿಗಳಿಂದ ಆ ಎಣ್ಣೆಯ ವಾಸನೆ ಹೋಗಿರಲಿಲ್ಲ. ಇದು ನನಗೆ ಗೊತ್ತಾದದ್ದು ಒಂದು ಮಳೆಗಾಲದಲ್ಲಿ, ಆ ಅಂಗಿಗಳನ್ನು ನಾನೇ ತೊಳೆಯಬೇಕಾಗಿ ಬಂದಾಗ. ಶ್ರಾವಣ ಎರಡು ಬಂದಿದ್ದ ವರ್ಷ ಅದು. ಮೊದಲನೆಯದು ಅಧಿಕ, ಎರಡನೆಯದು ನಿಜ. ಆ ಅಧಿಕದ ಒಂದು ತಿಂಗಳನ್ನು ಮಾವ ಹಳಿಯಾಳದ ನಮ್ಮ ಬಾಡಿಗೆ ಮನೆಯಲ್ಲಿ ಕಳೆದರು.

ಮಾವ ಅಳಿಯನ ಮನೆಗೆ ಬಂದರೆ ಅದೇನು ದೊಡ್ಡ ಸುದ್ದಿ ಅನ್ನಬೇಡಿ. ನಾನು ಸಿದ್ದಿ, ಆಫ್ರಿಕಾದಿಂದ ಬಂದವರ ವಂಶದವನು. ಹಳಿಯಾಳ ತಾಲೂಕಿನ ಕಾಡಂಚಿನ ಊರಿನವನು. ಏಳು ತಲೆಮಾರಿನಿಂದ ಇಲ್ಲೇ ಇದ್ದರೂ ನನ್ನ ಗುಂಗುರು ಕೂದಲು ನೋಡಿ ಬಸ್ಸಿನ ಕಂಡಕ್ಟರು ಇಂಗ್ಲಿಷಿನಲ್ಲಿ ಟಿಕೆಟ್ ಕೇಳುತ್ತಾರೆ. "ಹಳಿಯಾಳ ಒಂದ ಕೊಡೊ ಮಾರಾಯ" ಅಂದಾಗ ಬೆಚ್ಚಿಬೀಳುತ್ತಾರೆ. ನನ್ನ ಹೆಂಡತಿ ರೇಣುಕಾ ನಮ್ಮ ಜಾತಿಯವಳಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬಿ.ಎಡ್. ಮುಗಿಸಿ ಕೆಲಸ ಸಿಕ್ಕ ವರ್ಷ ನಾವಿಬ್ಬರೂ ರಿಜಿಸ್ಟರ್ ಮದುವೆಯಾದೆವು. ನಮ್ಮವ್ವ ಒಂದು ವಾರ ಸಿಟ್ಟು ಮಾಡಿ ಎಂಟನೆಯ ದಿನ ಸೊಸೆಗೆ ಕೋಳಿ ಸಾರು ಮಾಡಿ ಹಾಕಿದಳು. ಯಲ್ಲಪ್ಪ ಮಾವ ಮಾತ್ರ ಹನ್ನೊಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮಗಳು ಒಬ್ಬಳೇ ಹೋದರೆ ಕದ ತೆಗೆಯುತ್ತಿದ್ದರು. ಅತ್ತೆ ತೀರಿಕೊಂಡಾಗ ನಾನೂ ಮಣ್ಣಿಗೆ ಹೋಗಿದ್ದೆ. ಮಿಲ್ಲಿನ ಮಂದಿಯ ಹಿಂದೆ ನಿಂತು, ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ವಾಪಸು ಬಂದಿದ್ದೆ.

ಅಂಥವರು ನಮ್ಮ ಮನೆಗೆ ಬಂದದ್ದು ಕಣ್ಣಿನ ದೆಸೆಯಿಂದ. ಎಡಗಣ್ಣಿನಲ್ಲಿ ಪೊರೆ ಬಲಿತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸರದಿ ಬಂದದ್ದೇ ಆ ಮಳೆಯಲ್ಲಿ. ರೇಣುಕಾಳ ಅಣ್ಣ ಗುಜರಾತಿನ ಒಂದು ಕಾರ್ಖಾನೆಯಲ್ಲಿ ಇರುವವನು. ಆಪರೇಶನ್ ದಿನ ಬಂದು, ಮರುದಿನವೇ ರೈಲು ಹತ್ತಿದ. ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು, ಒಂದು ತಿಂಗಳು ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧದ ಹನಿ ಹಾಕಲೇಬೇಕು ಎಂದು ಡಾಕ್ಟರು ಹೇಳಿದರು. ರೇಣುಕಾ ತಂದೆಯನ್ನು ಕೇಳಲೂ ಇಲ್ಲ. ಕಣ್ಣಿಗೆ ಪಟ್ಟಿ ಕಟ್ಟಿದ್ದವರನ್ನು ಕಾರಿನಲ್ಲಿ ಕೂರಿಸಿ ನೇರವಾಗಿ ಹಳಿಯಾಳಕ್ಕೆ ಕರೆತಂದಳು. ಕಾರು ದಾಂಡೇಲಿಗೆ ಹೋಗುತ್ತಿದೆ ಅಂತಲೇ ಅವರು ತಿಳಿದಿದ್ದರು.

ಆ ರಾತ್ರಿ ಅನ್ನ ಬಡಿಸುತ್ತ ಅಡುಗೆಮನೆಯಲ್ಲಿ ಅವಳು ನನಗೆ ಮೆಲ್ಲಗೆ ಹೇಳಿದಳು: "ನೋಡ್ರಿ, ಅಧಿಕ ಮಾಸ ನಡದೈತಿ. ನಮ್ಮ ಆಸ್ಪತ್ರ್ಯಾಗ ಎಲ್ಲಾರ ಗಂಡಂದಿರ್ನೂ ಅತ್ತಿ ಮನಿಯವರು ಕರದ ಬಾಗಿನ ಕೊಡಾಕತ್ತಾರ. ನನಗ ಬೆಳ್ಳಿ ಬ್ಯಾಡ, ಬಂಗಾರ ಬ್ಯಾಡ. ಈ ಅಮಾಸಿ ಒಳಗ ಅಪ್ಪ ನಿಮಗ ಒಂದ ಸಲ ಅಳಿಯ ಅಂತ ಅಂದ್ರ ಸಾಕು. ನೀವ ಜಗಳಾ ತಗೀಬ್ಯಾಡ್ರಿ ಮತ್ತ. ನನ್ನಾಣಿ ಐತಿ."

ಅತ್ತೆ ಖಾನಾಪುರದ ಕಡೆಯವರು. ಆ ಸೀಮೆಯಲ್ಲಿ ಅಧಿಕ ಮಾಸವೆಂದರೆ ಅಳಿಯನ ತಿಂಗಳು. ಮಗಳು ಅಳಿಯನನ್ನು ಕರೆದು ಊಟ ಹಾಕಿ, ಮೂವತ್ತಮೂರು ಅನಾರಸವೋ ಅಪ್ಪವೋ, ಅಂಥ ಕರಿದ ಸಿಹಿ, ತಟ್ಟೆಯಲ್ಲಿಟ್ಟು ದೀಪದ ಜೊತೆ ಕೊಡುತ್ತಾರೆ. ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳು ರೇಣುಕಾಳ ಪಾಲಿಗೆ ಪ್ರತಿ ಸಲ ಬರಿದೇ ಹೋಗಿತ್ತು. ನಾನು ದೇವರು ದಿಂಡರನ್ನು ಅಷ್ಟಾಗಿ ನಂಬುವವನಲ್ಲ. ಆದರೆ ಅವಳ ದನಿ ಕೇಳಿ ಹೂಂ ಅಂದೆ.

ಮೊದಲ ವಾರ ಹೇಗಿತ್ತು ಅಂತೀರಿ! ಮಾವ ನನ್ನೊಡನೆ ಮಾತಾಡುತ್ತಿರಲಿಲ್ಲ. ಮಗಳ ಮೂಲಕ ಆಡುತ್ತಿದ್ದರು. "ಮಾಸ್ತರು ಚಾ ಕುಡದ್ರೇನು ಕೇಳವ್ವಾ." ಮಾಸ್ತರ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಚಾ ಕುಡಿಯುತ್ತಿರುತ್ತಿದ್ದ. ಅಷ್ಟರಲ್ಲಿ ಮಳೆ ಜೋರು ಹಿಡಿಯಿತು. ಜೋಯಿಡಾ ಕಡೆ ಹಳ್ಳಗಳು ರಸ್ತೆಯ ಮೇಲೆ ಬಂದವು, ದಾಂಡೇಲಿ ದಾರಿಗೆ ಮರ ಬಿದ್ದವು, ಜಿಲ್ಲೆಯ ಶಾಲೆಗಳಿಗೆಲ್ಲ ರಜೆ ಸಾರಿದರು. ಮೊದಲು ಎರಡು ದಿನ ಅಂದರು, ಮತ್ತೆರಡು ದಿನ ಅಂದರು. ಆಸ್ಪತ್ರೆಗೆಲ್ಲಿಯ ರಜೆ? ರೇಣುಕಾ ಬೆಳಿಗ್ಗೆ ಕೊಡೆ ಹಿಡಿದು ಹೊರಟಳೆಂದರೆ ಮನೆಯಲ್ಲಿ ಉಳಿಯುವವರು ಇಬ್ಬರೇ: ನಾನು, ಮಾವ.

ಈಗ ಮಾವನಿಗೆ ಮಾತಾಡಲು ಗೋಡೆ ಒಂದೇ ಉಳಿಯಿತು. "ಯಾರರ ಒಂದ ತಂಬಗಿ ನೀರ ಕೊಟ್ರ ಛಲೋ ಆಗ್ತಿತ್ತು" ಎಂದು ಗೋಡೆಗೆ ಹೇಳುತ್ತಿದ್ದರು. ನಾನು ಕೊಡುತ್ತಿದ್ದೆ. ದಾಂಡೇಲಿಯಲ್ಲಿ ಮಿಲ್ಲಿನ ಭೋಂಗಾ ಕೂಗಿದರೆ ಹೊತ್ತು ತಿಳಿಯುತ್ತದೆ. ಹಳಿಯಾಳದಲ್ಲಿ ಭೋಂಗಾ ಇಲ್ಲದೆ ಅವರಿಗೆ ದಿಕ್ಕು ತಪ್ಪಿದಂತಾಗಿತ್ತು. "ಎಷ್ಟ ಆತೋ ಏನೋ" ಎಂದು ಗೋಡೆಯನ್ನು ಕೇಳುತ್ತಿದ್ದರು. "ಹನ್ನೊಂದೂವರಿ ಆತ್ರಿ" ಎಂದು ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ.

ಆದರೆ ಕಣ್ಣಿಗೆ ಹನಿಯನ್ನು ಗೋಡೆ ಹಾಕುವಂತಿರಲಿಲ್ಲ. ಮೊದಲ ದಿನ ನಾನು ಸೀಸೆ ಹಿಡಿದು ಹತ್ತಿರ ಹೋದಾಗ ಅವರ ಮೈ ಬಿಗಿಯಾಯಿತು. ಕೈ ತೊಳೆದಿದ್ದೇನೆ ಎಂದೆ. ಪಟ್ಟಿ ಸರಿಸಿ, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಒಂದು ಹನಿ ಬಿಟ್ಟೆ. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ರಜೆಯಲ್ಲಿ ನಾನು ಶಾಲೆಯ ವಿಜ್ಞಾನ ಸಂಘಕ್ಕೆಂದು ಒಂದು ಪಾಠ ತಯಾರು ಮಾಡುತ್ತಿದ್ದೆ. ಮುಂಡಗೋಡಿನಲ್ಲಿ ಮಾಸ್ತರನಾಗಿರುವ ಗೆಳೆಯನೊಬ್ಬ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಳ್ಳಲು ಹೇಳಿದ್ದ. ಎರಡು ಸಾವಿರ ವರ್ಷ ಹಳೆಯ ಒಂದು ಗ್ರೀಕ್ ಯಂತ್ರದ ನಕಲು ಅದು. ನಿಜವಾದ ಯಂತ್ರ ಸಮುದ್ರದಲ್ಲಿ ಮುಳುಗಿದ ಹಡಗಿನೊಳಗೆ ಚೂರುಚೂರಾಗಿ ಸಿಕ್ಕಿತಂತೆ: ಕಂಚಿನ ಹಲ್ಲುಚಕ್ರಗಳು, ಒಂದರೊಳಗೊಂದು. ಪಕ್ಕದ ಹಿಡಿ ತಿರುಗಿಸಿದರೆ ಮುಂದಿನ ಮುಳ್ಳುಗಳು ಸೂರ್ಯ ಎಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಎಂದು ತೋರಿಸುತ್ತವೆ. ಅರ್ಧ ಕಪ್ಪು ಅರ್ಧ ಬಿಳಿಯ ಒಂದು ಪುಟ್ಟ ಗುಂಡು ತಿರುಗಿ ಹುಣ್ಣಿಮೆ ಅಮಾವಾಸ್ಯೆ ಹೇಳುತ್ತದೆ. ಹಿಂದಿನ ತಟ್ಟೆಗಳಲ್ಲಿ ಗ್ರಹಣದ ಲೆಕ್ಕ, ತಿಂಗಳ ಲೆಕ್ಕ. ಮೊಬೈಲಿನಲ್ಲಿ ಹಿಡಿಯನ್ನು ಬೆರಳಿನಿಂದ ತಿರುಗಿಸಬೇಕು. ಮುಂದಕ್ಕೂ ತಿರುಗುತ್ತದೆ, ಹಿಂದಕ್ಕೂ ತಿರುಗುತ್ತದೆ, ಮೇಲೆ ತಾರೀಖು ಕಾಣುತ್ತದೆ. ತಿರುಗಿಸಿದಾಗ ಕಟಕಟ ಸಪ್ಪಳ ಬರುತ್ತದೆ.

ಆ ಸಪ್ಪಳಕ್ಕೆ ಮಾವ ಕಿವಿ ನೆಟ್ಟಗೆ ಮಾಡಿದರು. ಸ್ವಲ್ಪ ಹೊತ್ತು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ತಡೆಯಲಾಗಲಿಲ್ಲ.

"ಅದೇನ ಗೇರಿನ ಸಪ್ಪಳಾ?" ಎಂದು ಗೋಡೆಯನ್ನೇ ಕೇಳಿದರು.

"ಹೌದ್ರಿ. ಕಂಚಿನ ಗೇರು. ಮೊಬೈಲಿನ್ಯಾಗ."

"ಕಂಚ ಹಿಂಗ ಸಪ್ಪಳಾ ಮಾಡೂದಿಲ್ಲ. ಅದು ತಗಡಿನ ಸಪ್ಪಳಾ. ಯಾರೋ ಗೊತ್ತಿಲ್ಲದವರು ಮಾಡ್ಯಾರ." ಆಮೇಲೆ ಗೋಡೆಗೆ ಹೇಳಿದರು: "ಎಷ್ಟ ಹಲ್ಲ ಅದಾವೋ ಏನೋ."

ನನಗೂ ಹುರುಪು ಬಂತು. ಆ್ಯಪಿನಲ್ಲಿ ಒಂದೊಂದು ಚಕ್ರವನ್ನು ಒತ್ತಿದರೆ ಹಲ್ಲಿನ ಲೆಕ್ಕ ಕಾಣುತ್ತದೆ. ಸೂರ್ಯನಿಂದ ಚಂದ್ರನವರೆಗೆ ಹೋಗುವ ಸಾಲನ್ನು ಓದಿದೆ. ಅರವತ್ತನಾಲ್ಕು ಹಲ್ಲಿನದು ಮೂವತ್ತೆಂಟರದನ್ನು ತಿರುಗಿಸುತ್ತದೆ. ನಲವತ್ತೆಂಟರದು ಇಪ್ಪತ್ತನಾಲ್ಕರದನ್ನು. ನೂರಾ ಇಪ್ಪತ್ತೇಳರದು ಮೂವತ್ತೆರಡರದನ್ನು.

"ಎಷ್ಟಂದ್ರಿ?" ಮಾವ ಎದ್ದು ಕೂತರು. ಹನ್ನೊಂದು ವರ್ಷದಲ್ಲಿ ನೇರವಾಗಿ ನನಗೇ ಹೇಳಿದ ಮೊದಲ ಮಾತು ಅದು.

"ನೂರಾ ಇಪ್ಪತ್ತೇಳು."

ಅವರ ತುಟಿಗಳು ಅಲುಗತೊಡಗಿದವು. ಕಾಗದವಿಲ್ಲ, ಪೆನ್ಸಿಲ್ ಇಲ್ಲ, ಬೆರಳಿನಿಂದ ತೊಡೆಯ ಮೇಲೆ ಏನೋ ಗೀಚಿದರು. "ಹತ್ತೊಂಬತ್ತಕ್ಕ ಎರಡನೂರಾ ಐವತ್ನಾಕು! ಇಪ್ಪತ್ತೈದು ಪಾಯಿಂಟ್ ನಾಕು! ಅಲ್ರೀ ಮಾಸ್ತರ, ಆ ಮಂದಿ ಆಗಿನ ಕಾಲಕ್ಕ ಇಂಚಿನ ಲೇಥಿನ ಮ್ಯಾಲೆ ಬೋಲ್ಟಿಗೆ ಮಿಲಿಮೀಟರ್ ಆಟಿ ಹೊಡಿತಿದ್ರೇನ್ರಿ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಎರಡು ಸಾವಿರ ವರ್ಷದ ಹಿಂದೆ ಎಲ್ಲಿಯ ಲೇಥು, ಎಲ್ಲಿಯ ಮಿಲಿಮೀಟರು ಎಂದು ನಕ್ಕೆ. "ಚಂದ್ರನ ಲೆಕ್ಕ ರೀ ಅದು, ನಟ್ಟು ಬೋಲ್ಟಿಂದಲ್ಲ" ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಮಾವನ ಮುಖ ಇಳಿಯಿತು. ಮೆಲ್ಲಗೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಎರಡು ದಿನ ಗೋಡೆಗೂ ಅವರ ಮಾತು ಸಿಗಲಿಲ್ಲ. ರೇಣುಕಾ ಬಂದು ನನ್ನ ಮುಖ, ಅಪ್ಪನ ಮುಖ ನೋಡಿ, "ಜಗಳಾ ತಗದ್ರಿ ಹೌದಲ್ಲ?" ಎಂದಳು. ನಕ್ಕೆ ಅಂತ ಹೇಳಲು ನಾಚಿಕೆಯಾಯಿತು.

ಎರಡು ದಿನ ನಾನೂ ಆ ಸಂಖ್ಯೆಯನ್ನೇ ಮೆಲುಕು ಹಾಕುತ್ತಿದ್ದೆ. ನೂರಾ ಇಪ್ಪತ್ತೇಳನ್ನು ಯಾವುದರಿಂದಲೂ ಭಾಗಿಸಲಾಗದು. ಅಂಥ ಒಂದು ವಿಚಿತ್ರ ಚಕ್ರದ ಲೆಕ್ಕ ಕೇಳಿದ ಕೂಡಲೇ ಈ ಮನುಷ್ಯ ಯಾಕೆ ಎದ್ದು ಕೂತ? ಮೂರನೆಯ ದಿನ ಹನಿ ಹಾಕುತ್ತ ಕೇಳಿಯೇಬಿಟ್ಟೆ. "ಮಾವಾ, ತಪ್ಪಾತು. ನಗಬಾರದಿತ್ತು. ನನಗ ಗೊತ್ತಿಲ್ಲ, ಹೇಳ್ರಿ. ನಿಮ್ಮ ಲೇಥಿನ್ಯಾಗ ನೂರಾ ಇಪ್ಪತ್ತೇಳ ಯಾಕ ಬೇಕು?"

ಕಣ್ಣು ಮುಚ್ಚಿಕೊಂಡೇ ಹೇಳಿದರು. ಅವರು ಕೆಲಸಕ್ಕೆ ಸೇರಿದಾಗ ಮಷಿನ್ ಶಾಪಿನಲ್ಲಿದ್ದದ್ದು ಇಂಗ್ಲೆಂಡಿನ ಹಳೆಯ ಲೇಥು. ಅದರೊಳಗಿನ ಸ್ಕ್ರೂ ಇಂಚಿನ ಲೆಕ್ಕದ್ದು. ರಿಪೇರಿಗೆ ಬರುತ್ತಿದ್ದ ಜರ್ಮನ್ ಮಷಿನಿನ ಭಾಗಗಳ ಆಟಿ, ಅಂದರೆ ತಿರುಪಿನ ಸುತ್ತುಗಳು, ಮಿಲಿಮೀಟರಿನವು. ಇಂಚಿಗೆ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಿಲಿಮೀಟರು, ಅದರ ಐದು ಪಟ್ಟು ನೂರಾ ಇಪ್ಪತ್ತೇಳು. ಆ ಒಂದು ಚಕ್ರ ನಡುವೆ ಸೇರಿಸಿದರೆ ಇಂಚಿನ ಲೇಥು ಮಿಲಿಮೀಟರಿನ ಮಾತು ಕೇಳುತ್ತದೆ. "ಬ್ಯಾರೆ ಯಾವ ಗೇರೂ ನಡ್ಯೂದಿಲ್ರಿ ಮಾಸ್ತರ. ನೂರಾ ಇಪ್ಪತ್ತಾರ ಹಾಕ್ರಿ, ನೂರಾ ಇಪ್ಪತ್ತೆಂಟ ಹಾಕ್ರಿ, ಕಣ್ಣಿಗೆ ಸರಿ ಕಾಣಸ್ತೈತಿ. ಆದರ ನಟ್ ನಾಕ್ ಸುತ್ತ ಹೋಗಿ ಸಿಕ್ಕೊಂತೈತಿ."

ಈಗ ಬೆರಗಾಗುವ ಸರದಿ ನನ್ನದು. ಹತ್ತೊಂಬತ್ತು ವರ್ಷದಲ್ಲಿ ಚಂದ್ರ ಆಕಾಶವನ್ನು ಎರಡುನೂರಾ ಐವತ್ತನಾಲ್ಕು ಸಲ ಸುತ್ತುತ್ತಾನೆ, ಅದರ ಅರ್ಧ ನೂರಾ ಇಪ್ಪತ್ತೇಳು, ಅದಕ್ಕೇ ಗ್ರೀಕರಿಗೆ ಆ ಚಕ್ರ ಬೇಕಾಯಿತು ಎಂದು ವಿವರಿಸಿದೆ. ಎರಡೂ ಕಡೆ ಒಂದೇ ಚಕ್ರ ಬಂದದ್ದು ಬರೀ ಯೋಗಾಯೋಗ. ಮಾವ ಬಾಯಿ ತೆರೆದು ಕೇಳಿದರು. "ಅದನ್ನ ಅರದಿಂದ ಕೈಯಾಗ ತಿಕ್ಕಿ ಮಾಡಿರಬೇಕಲ್ರಿ ಅವ! ನೂರಾ ಇಪ್ಪತ್ತೇಳ ಹಲ್ಲ, ಕೈಯಾಗ! ಎಂಥಾ ಕೈ ಇದ್ದೀತು" ಎಂದು, ಗೊತ್ತಿಲ್ಲದ ಆ ಗ್ರೀಕ್ ಕಸಬುದಾರನಿಗೆ ಕೂತಲ್ಲೇ ಕೈ ಮುಗಿದರು. ನನಗೆ ಆ ಮುದುಕನ ಮೇಲೆ ಪ್ರೀತಿ ಬಂದದ್ದು ಆ ಕ್ಷಣದಲ್ಲಿ. ಅದಕ್ಕೂ ಮೊದಲು ರೇಣುಕಾಳಿಗಾಗಿ ಸಹಿಸಿಕೊಂಡಿದ್ದೆ, ಅಷ್ಟೆ.

ಅಲ್ಲಿಂದ ಮುಂದೆ ನಾವಿಬ್ಬರೂ ಕಳ್ಳರಾದೆವು. ಕಣ್ಣು ಮಾಯುವ ತನಕ ಮೊಬೈಲು ನೋಡಲೇಬಾರದು ಎಂದು ರೇಣುಕಾಳ ಕಟ್ಟಪ್ಪಣೆ. ಅವಳು ಡ್ಯೂಟಿಗೆ ಹೋದ ಮೇಲೆ ಮಾವ ಬಲಗಣ್ಣಿನಿಂದ, ಆಮೇಲೆ ಪಟ್ಟಿ ಬಿಚ್ಚಿದ ಎಡಗಣ್ಣಿನಿಂದಲೂ, ಐದೈದು ನಿಮಿಷ ಆ ಯಂತ್ರ ತಿರುಗಿಸುತ್ತಿದ್ದರು. ಗೇಟಿನ ಸಪ್ಪಳವಾದರೆ ಮೊಬೈಲು ನನ್ನ ಜೇಬಿಗೆ ಬರುತ್ತಿತ್ತು. ಒಂದು ದಿನ ಸಿಕ್ಕಿಬಿದ್ದೆವು. "ಸಣ್ಣ ಹುಡುಗರ ಹಂಗ ಮಾಡ್ತೀರಲ್ಲ ಇಬ್ಬರೂ, ನಾಚಿಕಿ ಬರೂದಿಲ್ಲೇನು?" ಎಂದು ಬೈದಳು. ಬೈಯುವಾಗ ಅವಳ ಮುಖದಲ್ಲಿ ಹಿಡಿಸಲಾರದ ಖುಷಿ ಇತ್ತು. ಕೈಚೀಲ ಇಡುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಪಟ್ಟಿ ಬಿಚ್ಚಿದ ದಿನ ಮಾವ ಬಾಗಿಲಲ್ಲಿ ನಿಂತು ಎದುರು ಮನೆಯ ಹಂಚಿನ ಮೇಲೆ ಹೊದಿಸಿದ್ದ ತಾಡಪತ್ರಿ ನೋಡಿ, "ನೀಲಿ ಅಂದ್ರ ಇಷ್ಟ ನೀಲಿ ಇರ್ತೈತೇನ?" ಎಂದರು. ಹಾಗೇ ತಿರುಗಿ ನನ್ನನ್ನು ದಿಟ್ಟಿಸಿದರು. "ಮಾಸ್ತರ, ನಿಮ್ಮ ಹುಬ್ಬಿನ ಮ್ಯಾಲ ಗಾಯದ ಕಲಿ ಐತಲ್ರಿ. ಯಾವಾಗಿಂದು?" ಎಂಟನೆಯ ವಯಸ್ಸಿನಲ್ಲಿ ಕಟ್ಟಿಗೆಗೆ ಹೋದಾಗ ಕುಡುಗೋಲು ತಾಗಿದ್ದು ಎಂದೆ. ಹನ್ನೊಂದು ವರ್ಷ ನನ್ನನ್ನು ಬೇಡವೆಂದವರು ಒಂದು ಸಲವೂ ನನ್ನ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನಾನೂ ಅವರ ಮುಖವನ್ನು ನೋಡಿರಲಿಲ್ಲ ಅನ್ನುವುದು ಹೊಳೆದದ್ದು ಬಹಳ ತಡವಾಗಿ.

ಮಾತೆಲ್ಲ ಸರಿ, ಆದರೆ ಕರೆಯುವುದು ಮಾತ್ರ ಮಾಸ್ತರ ಎಂದೇ. ಮಳೆ ಹೊಳವಾಯಿತು, ಶಾಲೆ ಶುರುವಾಯಿತು, ಹದಿನೈದನೇ ಆಗಸ್ಟಿನ ಕವಾಯತು ಬಂತು. ಅಧಿಕ ಮಾಸ ಕೊನೆಗೆ ಬಂದಿತ್ತು. ರೇಣುಕಾ ಪ್ರತಿ ದಿನ ಕ್ಯಾಲೆಂಡರಿನ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ಬಾಯಿ ಬಿಟ್ಟು ಕೇಳಿದರೆ ಅಪ್ಪ ಕೊಟ್ಟಾರು, ಆದರೆ ಕೇಳಿ ಪಡೆದದ್ದು ಅವಳಿಗೆ ಬೇಡವಾಗಿತ್ತು. ಧ್ವಜಾರೋಹಣದ ಮರುದಿನ ಅಮಾವಾಸ್ಯೆ. ಅವತ್ತು ಅವಳ ಡ್ಯೂಟಿ ಮುಗಿಯುವುದು ರಾತ್ರಿ ಎಂಟಕ್ಕೆ.

ನಾನು ಐದು ಗಂಟೆಗೆ ಶಾಲೆಯಿಂದ ಬಂದಾಗ ಮಾವ ನನ್ನ ದಾರಿಯನ್ನೇ ಕಾಯುತ್ತಿದ್ದರು. "ಮಾಸ್ತರ, ಅಧಿಕ ಮಾಸ ಆ ಯಂತ್ರದಾಗ ಬರ್ತೈತೇನ್ರಿ?"

ಬರುತ್ತದೆ ಎಂದೆ. ಗ್ರೀಕರೂ ನಮ್ಮ ಹಾಗೇ ಹತ್ತೊಂಬತ್ತು ವರ್ಷಕ್ಕೆ ಏಳು ತಿಂಗಳು ಹೆಚ್ಚಿಗೆ ಸೇರಿಸುತ್ತಿದ್ದರು. ನಮ್ಮ ಅಧಿಕದ ಜೊತೆ ಅವರದು ತಾಳೆಯಾಗದಿದ್ದರೂ ಸುತ್ತು ಒಂದೇ. ಈ ಅಧಿಕ ಶ್ರಾವಣ ಮತ್ತೆ ಬರುವುದು ಹತ್ತೊಂಬತ್ತು ವರ್ಷಕ್ಕೆ. ಮಾವ ಮುಂದಕ್ಕೆ ತಿರುಗಿಸಿ ನೋಡುತ್ತಾರೆ ಅಂದುಕೊಂಡೆ. ಅವರು ಹಿಡಿಯನ್ನು ಹಿಂದಕ್ಕೆ ತಿರುಗಿಸತೊಡಗಿದರು.

"ಹ್ವಾದ ಅಧಿಕ ಯಾವಾಗ ಬಂದಿತ್ತು, ತಾರೀಖ ಹೇಳ್ರಿ."

ಪಂಚಾಂಗದ ಪಟ್ಟಿ ನೋಡಿ ಹೇಳಿದೆ. ಲಾಕ್‌ಡೌನ್ ವರ್ಷದ ಅಧಿಕ ಆಶ್ವೀಜ. ಕಪ್ಪು ಬಿಳಿ ಗುಂಡು ಗರಗರ ಹಿಂದೆ ತಿರುಗಿತು. ಮಾವ ಅಲ್ಲಿ ನಿಲ್ಲಿಸಿದರು. "ಇದರಾಗ ಕೇಳಿದ್ಲು ಆಕಿ, ನಿಮ್ಮ ಅತ್ತಿ. ಮಗಳನ್ನ ಅಳಿಯನ್ನ ಕರಿಯೂಣು ಅಂತ. ಬ್ಯಾಡ ಅಂದೆ. ಅದರ ಹಿಂದಿಂದು?"

ಅಧಿಕ ಜ್ಯೇಷ್ಠ. "ಇದರಾಗೂ ಕೇಳಿದ್ಲು. ತಾಟ ಎತ್ತಿ ಒಗದೆ." ಅದರ ಹಿಂದೆ ಅಧಿಕ ಆಷಾಢ. "ಇದರಾಗ ನನ್ನ ಕಾಲ ಹಿಡಕೊಂಡ್ಲು." ಅದರ ಹಿಂದೆ ನಮ್ಮ ಮದುವೆಯ ವರ್ಷದ ಅಧಿಕ ಭಾದ್ರಪದ. ಅಲ್ಲಿಗೆ ಬಂದಾಗ ಅವರ ಬೆರಳು ನಿಂತಿತು. "ನಾಕ ಸಲ ಆತಲ್ರಿ. ಈ ಸಲ ಕೇಳಾಕ ಆಕೀನ ಇಲ್ಲ. ಬಾಗಿನ ಗಂಡ ಹೆಂಡ್ತಿ ಕೂಡಿ ಕೊಡೂದು. ನಾ ಒಬ್ಬಾವ ಯಾವ ಮುಖಾ ಇಟಗೊಂಡ ಕೊಡ್ಲಿ?"

ನನಗೆ ಅಯ್ಯೋ ಅನ್ನಿಸಬೇಕಿತ್ತು. ಬದಲಿಗೆ ರೇಗಿಹೋಯಿತು. ಹೆಂಡತಿಯ ಆಣೆ ಎಲ್ಲಿ ಹೋಯಿತೋ. "ಅತ್ತಿಯವರು ಇದ್ದಾಗ ಬ್ಯಾಡ ಅಂದ್ರಿ, ಈಗ ಅವರಿಲ್ಲ ಅಂತ ಬ್ಯಾಡ ಅಂತೀರಿ. ನನಗ ಬಿಡ್ರಿ, ನಾ ಯಾರೋ. ಮಗಳ ಮುಖಾ ನೋಡೀರೇನು? ಒಂದ ತಿಂಗಳಾತು ಆಕಿ ದಿನಾ ಕ್ಯಾಲೆಂಡರ ಎಣಸಾಕತ್ತಾಳ. ನಿಮ್ಮ ಕಣ್ಣ ಬಂದು ಏನ ಉಪಯೋಗ ಆತು?"

ಮಾವ ಸಿಟ್ಟಾಗಲಿಲ್ಲ. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಕಡೀ ಸಲ ನಾ ಬ್ಯಾಡ ಅಂದ್ರೂ ಆಕಿ ಕದ್ದು ಮಾಡಿ ಕಳಿಸಿದ್ಲಲ್ರಿ, ಮಾಸ್ತರ. ಡಬ್ಬಿ ತಿರಗಿ ಬಂತು."

ಹೌದು, ಬಂದಿತ್ತು ಆ ಡಬ್ಬಿ. ರೇಣುಕಾ ಕೊರೋನಾ ವಾರ್ಡಿನ ಡ್ಯೂಟಿಯಲ್ಲಿ ಆಸ್ಪತ್ರೆಯಲ್ಲೇ ಉಳಿದಿದ್ದ ದಿನಗಳು. ಗುರುತಿನ ಡ್ರೈವರ್ ಒಬ್ಬ ದಾಂಡೇಲಿಯಿಂದ ತಂದು ಬಾಗಿಲಲ್ಲಿಟ್ಟಿದ್ದ: ಸ್ಟೀಲಿನ ಡಬ್ಬಿ, ಒಳಗೆ ಅನಾರಸ. ನಾನು ಎಣಿಸಿಯೂ ನೋಡಲಿಲ್ಲ. "ಕೊಡಬೇಕಾದವರು ಬಂದು ಕೊಡಲಿ ಅಂತ ಹೇಳು" ಎಂದು ವಾಪಸು ಕಳಿಸಿದೆ. ಮರ್ಯಾದೆ ಉಳಿಸಿಕೊಂಡೆ ಅಂದುಕೊಂಡಿದ್ದೆ. ಆ ಚಳಿಗಾಲದಲ್ಲೇ ಅತ್ತೆ ತೀರಿಕೊಂಡರು. ರೇಣುಕಾಳಿಗೆ ಈ ಸುದ್ದಿಯನ್ನು ನಾನು ಹೇಳಿರಲೇ ಇಲ್ಲ.

"ಅತ್ತಿಯವರು ಅತ್ತರೇನ್ರಿ?" ಎಂದು ಕೇಳಿದೆ.

"ಹೂಂ" ಎಂದರು ಮಾವ. "ನಾನೂ ನಗ್ಯಾಡಿದೆ. ನೋಡಿದಿ ಇಲ್ಲೋ ನಿನ್ನ ಅಳಿಯನ ಸೊಕ್ಕು ಅಂತ."

ಹೊರಗೆ ತುಂತುರು ಹನಿಯುತ್ತಿತ್ತು. ಗಡಿಯಾರದಲ್ಲಿ ಆರೂಕಾಲು ಆಗಿತ್ತು. ಕೊನೆಗೆ ನಾನೇ ಎದ್ದೆ. "ಗೋಧಿ ಹಿಟ್ಟ ಐತಿ, ಬೆಲ್ಲ ಐತಿ" ಎಂದೆ. "ಅನಾರಸಕ್ಕ ಅಕ್ಕಿ ಮೂರ ದಿನಾ ನೆನೀಬೇಕಂತ. ಅಪ್ಪಕ್ಕ ಅದೇನೂ ಬ್ಯಾಡ."

"ನಾ ಒಲಿ ಮುಂದ ನಿಲ್ಲೂ ಹಂಗಿಲ್ಲಲ್ರಿ."

"ನಾ ಕರೀತೇನಿ. ನೀವ ಹೇಳ್ರಿ."

ಹೀಗೆ, ನನಗೆ ಕೊಡಬೇಕಾದ ಬಾಗಿನವನ್ನು ನಾನೇ ಕರಿದೆ. ಇಂಥ ಅಳಿಯ ಈ ಸೀಮೆಯಲ್ಲಿ ಇನ್ನೊಬ್ಬ ಇರಲಾರ. ಮಾವ ಅಡುಗೆಮನೆಯ ಬಾಗಿಲಿನಾಚೆ ಕುರ್ಚಿ ಹಾಕಿಕೊಂಡು ಕಪ್ಪು ಕನ್ನಡಕದೊಳಗಿಂದ ಉಸ್ತುವಾರಿ ಮಾಡಿದರು. ಹೆಂಡತಿ ಮಾಡುವುದನ್ನು ನಲವತ್ತು ವರ್ಷ ನೋಡಿದ ನೆನಪು ಅವರದು. ಬೆಲ್ಲದ ನೀರಿಗೆ ಹಿಟ್ಟು ಕಲಸು, ಏಲಕ್ಕಿ ಹಾಕು, ಗಸಗಸೆ ಇಲ್ಲದಿದ್ದರೆ ಬಿಡು. "ದಪ್ಪ ಆತು. ಇನ್ನೊಂದ ಚೂರ ತೆಳ್ಳಗ ತಟ್ರಿ. ಎಲ್ಲಾ ಒಂದ ಸೈಜ್ ಇರ್ಲಿ. ಅದು ವಾರಿ ಆತು, ತಗೀರಿ ಅದನ್ನ." ಅಪ್ಪಕ್ಕೂ ಅವರು ಅಳತೆ ಬಿಡಲಿಲ್ಲ. ಸೊಟ್ಟಗಾದ ನಾಲ್ಕನ್ನು ಮುಲಾಜಿಲ್ಲದೆ ಪಕ್ಕಕ್ಕೆ ಹಾಕಿಸಿದರು. ಎರಡು ಸಲ ಎಣ್ಣೆ ಸಿಡಿದು ಮುಂಗೈ ಸುಟ್ಟಿತು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಮೂವತ್ತಮೂರನೆಯದು ತಟ್ಟೆಗೆ ಬಂತು.

ರೇಣುಕಾ ಬಂದಳು. ಕೊಡೆ ಮಡಿಸುತ್ತಲೇ ಮೂಗು ಅರಳಿಸಿ, "ಏನ ಕರಿಯಾಕತ್ತೀರಿ? ಒಲಿ ಮುಂದ ಅಪ್ಪ ನಿಂತಾನೇನು?" ಎಂದು ಗದರಿಸುತ್ತ ಒಳಗೆ ಬಂದಳು. ದೇವರ ಗೂಡಿನ ಕೆಳಗೆ ದೀಪ ಉರಿಯುತ್ತಿತ್ತು. ಮಾವ ಇಸ್ತ್ರಿಯಿಲ್ಲದ ಖಾಕಿ ಅಂಗಿಯ ಮೇಲೆ ಟವೆಲ್ಲು ಹೊದ್ದು, ತಟ್ಟೆ ಹಿಡಿದು ನಿಂತಿದ್ದರು.

"ಅಳಿಯಂದ್ರ, ಹಿಂಗ ಬರ್ರಿ" ಎಂದರು. "ಮಗಳ ಜೋಡಿ ನಿಂದರ್ರಿ."

ರೇಣುಕಾ ಅಲ್ಲೇ ಗೋಡೆಗೆ ಆತುಕೊಂಡಳು. ನಾನು ಅವಳ ಕೈ ಹಿಡಿದು ಮುಂದೆ ಕರೆತಂದೆ. ಮಾವ ತಟ್ಟೆ ಕೊಟ್ಟರು. ಅವಳು ಅಳುತ್ತ ತಂದೆಯ ಕಾಲಿಗೆ ಬೀಳಲು ಹೋದಾಗ, ಬಗ್ಗಬಾರದೆಂಬ ಡಾಕ್ಟರ ಮಾತು ಮರೆತು ಅವರೂ ಅವಳನ್ನೆತ್ತಲು ಬಗ್ಗಿದರು. "ಅಪ್ಪಾ, ಕಣ್ಣು!" ಎಂದು ಅಳುವಿನ ನಡುವೆಯೇ ಕೂಗಿದಳು.

"ಅವ್ವ ಇರಬೇಕಿತ್ತಪ್ಪಾ" ಎಂದಳು ಆಮೇಲೆ. "ಒಮ್ಮೆರ ಬಾಗಿನ ಕಳಸಬೇಕಿತ್ತು ಆಕಿ. ಆಕೀಗೂ ನಮ್ಮನ್ನ ಕರೀಬೇಕು ಅನಸಲಿಲ್ಲೇನು?"

ಡಬ್ಬಿಯ ಸಂಗತಿ ಹೇಳಿಬಿಡೋಣವೆಂದು ಬಾಯಿ ತೆರೆದೆ. ಮಾವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು. ಮೂವತ್ತಾರು ವರ್ಷ ಕಬ್ಬಿಣ ಹಿಡಿದ ಕೈ.

"ನಾಕ ಸಲ ಕೇಳಿದ್ಲವ್ವಾ ಆಕಿ" ಎಂದರು ಮಗಳಿಗೆ. "ನಾ ಬ್ಯಾಡ ಅಂದೆ. ಆಕೀದೂ ತಪ್ಪಿಲ್ಲ, ಅಳಿಯಂದ್ರದೂ ತಪ್ಪಿಲ್ಲ. ಎಲ್ಲಾ ನಂದ."

ರೇಣುಕಾ ಅದನ್ನು ನಂಬಿದಳು, ಇವತ್ತಿಗೂ ನಂಬಿದ್ದಾಳೆ. ಮಾವ ಹೋದ ವರ್ಷ ತೀರಿಕೊಂಡರು. ಸಾಯುವ ತನಕ ಆ ಡಬ್ಬಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ತಪ್ಪನ್ನೂ ಹೊತ್ತುಕೊಂಡು ಹೋದರು. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ರೇಣುಕಾ. ಇದನ್ನೂ ಅವಳೇ ಓದುತ್ತಾಳೆ. ನಾಳೆ ಅವಳಿಗೆ ಡ್ಯೂಟಿ ಇಲ್ಲ, ಬೆಳಿಗ್ಗೆ ಚಾ ಕೊಟ್ಟು ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ.